ಹಿಂದಿನ ಸೀಟಿನ ಲೆಕ್ಕ

ಪಂಕ್ಚರ್ ಹಾಕಿಸಲು ಗ್ಯಾರೇಜಿನ ಬೆಂಚಿನಲ್ಲಿ ಕಾಯುತ್ತಿದ್ದ ದರ್ಜಿಯ ಕಿವಿ ನೆಟ್ಟಗಾಯಿತು. ಗಂಡ ಹೆಂಡತಿ ಸ್ಕೂಟರ್ ತಳ್ಳಿಕೊಂಡು ಬಂದಿದ್ದರು.

“ರಿಪೇರಿಗೆ ಕೊಟ್ಟರೆ ಇದ್ದ ಬ್ರೇಕೂ ಹೋಯ್ತು. ಇದಕ್ಕೊಂದು ಬಿಲ್ಲು ಬೇರೆ,” ಎಂದ ಗಂಡ.

“ಮತ್ತೆ ಮಾಡಿಕೊಡ್ತೀನಿ ಸರ್, ದುಡ್ಡು ಬೇಡ,” ಎಂದ ಮೆಕ್ಯಾನಿಕ್.

“ಹಿಂದಿನ ಸೀಟಿಗೆ ಹೊಸ ಸ್ಪಂಜು ಹಾಕಿದ್ದೀಯಲ್ಲ, ಅದ್ಯಾಕೆ ಬಿಲ್ಲಲ್ಲಿಲ್ಲ?”

“ಅದು ಸುಮ್ನೆ ಹಾಕಿದ್ದು. ಮೇಡಂಗೆ ಸೊಂಟನೋವಲ್ವಾ?”

ಗಂಡನ ಮುಖ ಹುಳ್ಳಗಾಯಿತು. ಹೆಂಡತಿಯ ಕಡೆ ತಿರುಗಿದ.

“ನನಗೇ ಗೊತ್ತಿಲ್ಲದ ನೋವು ಇವನಿಗೆ ಹೇಗೆ ಗೊತ್ತಾಯ್ತು?”

“ನಾನು ಗಾಡಿಯಿಂದ ಇಳಿಯೋದನ್ನ ನೋಡಿರಬೇಕು. ನೀವು ಯಾವಾಗ್ಲೂ ಮುಂದೆ ನೋಡ್ತಿರ್ತೀರಲ್ಲ.”

“ಸೀಟಿಗೂ ದುಡ್ಡು ಹಾಕಯ್ಯ,” ಎಂದವನೇ ಗಂಡ ಬಿಲ್ಲಿನ ದುಡ್ಡು ಪೂರ್ತಿ ಕೊಟ್ಟು, ಬ್ರೇಕಿಲ್ಲದ ಸ್ಕೂಟರನ್ನು ತಳ್ಳಿಕೊಂಡು ಹೊರಟೇಬಿಟ್ಟ. ಹಿಂದೆ ನಡೆದ ಹೆಂಡತಿಯ ಒಂದು ಕೈ ಸೊಂಟದ ಮೇಲಿತ್ತು, ಇನ್ನೊಂದು ಹೊಸ ಸೀಟಿನ ಮೇಲೆ.