ವಂದನೆಯಲ್ಲಿ ಉಳಿದುಹೋದ ಒಂದು ಹೆಸರು

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ವಿಶ್ವವಿದ್ಯಾಲಯದ ಕುಲಸಚಿವರಾದ ಶಿವರಾಮನ್ ಅವರೇ, ಮುಖ್ಯ ಅತಿಥಿಗಳಾಗಿ ಎಲ್ಲರಿಗಿಂತ ಮೊದಲೇ ಬಂದು, ಕುರ್ಚಿಗಳಿನ್ನೂ ಲಾರಿಯಲ್ಲೇ ಇದ್ದ ಕಾರಣ ನಿಂತೇ ಕಾಫಿ ಕುಡಿದ ನಲ್ಲಂಪಳ್ಳಿ ಮಹಿಳಾ ಸಂಘಗಳ ಒಕ್ಕೂಟದ ತಂಗಮ್ಮನವರೇ, ನನ್ನ ವಿಭಾಗದ ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಪಾಲಮಲೆಯಿಂದ ಬೆಟ್ಟ ಇಳಿದು ಬಂದಿರುವ ಕನ್ನಡ ಮಾತಿನ ಅಕ್ಕತಂಗಿಯರೇ, ಬಿಸಿಲಿಗೆ ಹೆದರಿ ಒಳಗೆ ಬಂದು ಫ್ಯಾನಿನ ಕೆಳಗೆ ಕುಳಿತಿರುವ ಇತರ ಸಭಿಕರೇ, ನಿಮಗೆಲ್ಲ ಮುನಿಲಕ್ಷ್ಮಿಯ ನಮಸ್ಕಾರಗಳು.

ಇದು ನನ್ನ ನಿವೃತ್ತಿಯ ಸಮಾರಂಭ. ಕನ್ನಡದಲ್ಲಿ ಮಾತನಾಡಲು ಅಧ್ಯಕ್ಷರಿಂದ ಅಪ್ಪಣೆ ಪಡೆದಿದ್ದೇನೆ. ಇಷ್ಟು ವರ್ಷ ಸೇಲಂನ ಸಭೆಗಳಲ್ಲೆಲ್ಲ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಮಾತನಾಡಿದೆ. ಕೊನೆಯ ದಿನವಾದರೂ ನನ್ನ ಅವ್ವನ ಮಾತಿನಲ್ಲಿ ಆಡೋಣ ಎನ್ನಿಸಿತು. ಅಧ್ಯಕ್ಷರ ಪಕ್ಕದಲ್ಲಿ ನನ್ನ ವಿದ್ಯಾರ್ಥಿನಿ ಚಂದ್ರಿಕಾ ಕುಳಿತಿದ್ದಾಳೆ. ನಾನು ಹೇಳಿದ್ದನ್ನು ಅವಳು ಅವರ ಕಿವಿಯಲ್ಲಿ ತಮಿಳಿನಲ್ಲಿ ಹೇಳುತ್ತಾಳೆ. ನೋಡಮ್ಮಾ ಚಂದ್ರಿಕಾ, ನಾನು ಏನಾದರೂ ಎಡವಟ್ಟು ಆಡಿದರೆ ಅದನ್ನು ಬಿಟ್ಟುಬಿಡು. ಹವಾಮಾನದ ಬಗ್ಗೆ ಮಾತಾಡಿದರು ಎಂದು ಹೇಳು.

ಸಂಘಟಕರು ನನಗೆ ಒಂದೇ ಒಂದು ಕೆಲಸ ಕೊಟ್ಟಿದ್ದಾರೆ. ಸಹಾಯ ಮಾಡಿದವರನ್ನೆಲ್ಲ ಹೆಸರು ಹಿಡಿದು ವಂದಿಸಬೇಕಂತೆ. ಒಂದು ಹೆಸರೂ ಬಿಡಬಾರದಂತೆ. ಇದನ್ನು ಹೇಳಿದ ದಿನದಿಂದ ನನಗೆ ನಿದ್ದೆಯಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತು. ಪಾಯಸ ಸಾಲದಿದ್ದರೆ? ಕರೆಂಟು ಹೋದರೆ? ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು ಅದಲುಬದಲಾದರೆ? ಇನ್ನೊಂದು ಚಿಂತೆ ಈಗಷ್ಟೇ ಶುರುವಾಗಿದೆ. ಮೈಕಿನವರು ಒಂದು ಸ್ಪೀಕರನ್ನು ಹೊರಗಡೆ ರಸ್ತೆಯ ಕಡೆಗೆ ತಿರುಗಿಸಿ ಕಟ್ಟಿದ್ದಾರೆ. ನಾನು ಆಡುವುದೆಲ್ಲ ಓಮಲೂರಿನ ಬಸ್ ನಿಲ್ದಾಣಕ್ಕೂ ಕೇಳುತ್ತಿದೆ. ಬಸ್ ನಿಲ್ದಾಣದ ಮಾತು ಬಿಡಿ. ಈ ಕಲ್ಯಾಣ ಮಂಟಪದ ಎದುರು ಬೇವಿನ ನೆರಳಿನಲ್ಲಿ ನಮ್ಮ ವಿಭಾಗದ ವ್ಯಾನು ನಿಂತಿದೆ, ಅದರಲ್ಲಿ ನಮ್ಮ ಡ್ರೈವರು ಕುಳಿತಿದ್ದಾರೆ. ಅವರಿಗೂ ಕೇಳುತ್ತಿದೆ. ಅವರೂ ಈ ತಿಂಗಳೇ ನಿವೃತ್ತರಾಗುತ್ತಿದ್ದಾರೆ, ಅವರಿಗೂ ಇಲ್ಲೇ ಶಾಲು ಹೊದಿಸಬೇಕು. ಒಳಗೆ ಬನ್ನಿ ಎಂದರೆ, "ಇಲ್ಲೇ ಇರ್ತೀನಿ ಬಿಡಿ ಮೇಡಂ, ಕರದಾಗ ಬತ್ತೀನಿ" ಎಂದು ಕುಳಿತುಬಿಟ್ಟರು. ಅವರ ಹೆಸರು... ಇರಲಿ, ಅವರ ಸರದಿ ಬಂದಾಗ ಹೇಳುತ್ತೇನೆ.

ಸಭಿಕರೇ, ನನ್ನ ವಿಷಯ ಕುಟುಂಬ ಅರ್ಥಶಾಸ್ತ್ರ. ಹಾಗೆಂದರೇನು? ಒಂದು ಮನೆಯಲ್ಲಿ ಯಾರು ದುಡಿಯುತ್ತಾರೆ, ಯಾರು ಕಡೆಯಲ್ಲಿ ಉಣ್ಣುತ್ತಾರೆ, ಕುರಿ ಮಾರಬೇಕೆಂದು ಯಾರು ತೀರ್ಮಾನಿಸುತ್ತಾರೆ, ತೀರ್ಮಾನಿಸಿದವರು ತಾವೇ ಎಂದು ಯಾರು ಅಂದುಕೊಂಡಿರುತ್ತಾರೆ, ಇದನ್ನೆಲ್ಲ ವಿಚಾರಿಸುವ ಶಾಸ್ತ್ರ. ಕುಟುಂಬವೇ ಇಲ್ಲದವಳು ಕುಟುಂಬ ಅರ್ಥಶಾಸ್ತ್ರ ಹೇಳಿಕೊಡುತ್ತಾಳೆ ಎಂಬ ನಗೆಮಾತು ನಮ್ಮ ವಿಭಾಗದಲ್ಲಿ ಮೇಜು ಕುರ್ಚಿಗಳಿಗಿಂತ ಹಳೆಯದು. ನಾನೂ ನಕ್ಕಿದ್ದೇನೆ. ಏನು ಮಾಡಲಿ? ಓದು ನನಗೆ ತಡವಾಗಿ ಸಿಕ್ಕಿತು. ಸಿಕ್ಕಮೇಲೆ ಬಿಡಲು ಭಯವಾಯಿತು.

ತಡವಾದದ್ದು ಹೇಗೆಂದು ಕೇಳಿ. ನನ್ನನ್ನು ಶಾಲೆಗೆ ಸೇರಿಸಲು ಅವ್ವ ಸಿದ್ದಲಕ್ಷ್ಮಮ್ಮ ಕರೆದುಕೊಂಡು ಹೋದಳು. ಅಪ್ಪ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದ. ಮೇಷ್ಟರು, "ಹುಡುಗಿಯ ತಂದೆ ಹೆಸರೇನಮ್ಮ?" ಎಂದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯಸ್ಸು ಸವೆಯುತ್ತದಂತೆ. ಮೇಷ್ಟರು ನನ್ನನ್ನು ಕೇಳಿದರು. ನನಗೆ ಗೊತ್ತಿದ್ದದ್ದು ಒಂದೇ, "ಅಪ್ಪ". ಅವರು ರೇಗಿದರು. "ಹೆಸರಿಲ್ಲದ ತಂದೆ ಎಲ್ಲಾದರೂ ಇರ್ತಾನಾ?"

ಅವ್ವ ಅಂದಳು, "ಐತೆ ಸಾಮಿ, ಒಳ್ಳೆ ಎಸ್ರೇ ಐತೆ. ಅವ್ರು ಬರ್ಲಿ, ಅವ್ರೇ ಯೋಳ್ತಾರೆ."

ಅವರು ಬರುವಷ್ಟರಲ್ಲಿ ಆ ವರ್ಷ ಮುಗಿದಿತ್ತು. ಆ ಒಳ್ಳೆಯ ಹೆಸರು ಹನುಮಂತರಾಯಪ್ಪ. ಮಗಳು ಹೇಳಬಹುದು, ಅದಕ್ಕೆ ಅಡ್ಡಿಯಿಲ್ಲ. ಹಾಗೆ ಒಂದು ವರ್ಷ ತಡವಾಗಿ ಸೇರಿದೆ, ಎಂಟನೇ ತರಗತಿಗೆ ಬಿಟ್ಟೆ, ಕುರಿಮರಿಗಳ ಹಿಂದೆ ಅಲೆದೆ, ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿದೆ, ಫೇಲಾದೆ, ಮತ್ತೆ ಕಟ್ಟಿದೆ. ಇವತ್ತಿಗೂ ಪರೀಕ್ಷಾ ಕೊಠಡಿಗೆ ಮೇಲ್ವಿಚಾರಕಿಯಾಗಿ ಹೋದರೆ ನನ್ನ ಕೈಯೇ ಮೊದಲು ಬೆವರುತ್ತದೆ. ಚಂದ್ರಿಕಾ, ಇದನ್ನು ಹೇಳಬೇಡ. ಹೇಳಿಬಿಟ್ಟೆಯಾ? ಇರಲಿ.

ಮುಂದೆ ಇದೇ ಹೆಸರಿನ ವಿಷಯ ನನ್ನ ಸಂಶೋಧನೆಗೂ ಅಡ್ಡ ಬಂತು. ಮೊದಲ ಸಮೀಕ್ಷೆಗೆ ಸೇಲಂ ಪೇಟೆಯಲ್ಲಿ ಹುಟ್ಟಿ ಬೆಳೆದ ಹುಡುಗಿಯರನ್ನು ಪಾಲಮಲೆಗೆ ಕಳುಹಿಸಿದ್ದೆವು. ನಾನು ಆ ದಿನ ಕೆಳಗೆ ಕೊಳತ್ತೂರಿನಲ್ಲಿದ್ದೆ. "ಮನೆ ಯಜಮಾನನ ಹೆಸರು?" ಎಂದು ಇವರು ಕೇಳಿದ್ದಾರೆ. ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತು ನಗುತ್ತಿದ್ದಾರಲ್ಲ, ಮುತ್ತಮ್ಮ, ಅವರ ಯಜಮಾನರ ಹೆಸರು ಮುನಿರಾಜ್. ಮುತ್ತಮ್ಮ ಬಾಯಿ ಬಿಡದೆ ಗಲ್ಲ ಎತ್ತಿ ಮುನಿಯಪ್ಪನ ಗುಡಿ ತೋರಿಸಿದ್ದಾರೆ. ನಮ್ಮ ಹುಡುಗಿ ಭಕ್ತಿಯಿಂದ 'ಮುನಿಯಪ್ಪಸಾಮಿ' ಎಂದು ಬರೆದುಕೊಂಡಿದ್ದಾಳೆ. ಪಕ್ಕದ ಮನೆಯ ನಂಜಪ್ಪನ ಹೆಂಡತಿ ಗೋಡೆಯ ಮೇಲಿನ ನಂಜುಂಡನ ಪಟ ತೋರಿಸಿದರೆ ಅಲ್ಲಿ 'ಶಿವನ್'. ಅದರಾಚೆ ಮನೆಯಾಕೆ ಹಣೆಯ ಮೇಲೆ ಬೆರಳಿನಲ್ಲಿ ನಾಮ ಎಳೆದರೆ ಅಲ್ಲಿ 'ಪೆರುಮಾಳ್', ಅಂದರೆ ಸಾಕ್ಷಾತ್ ವಿಷ್ಣು.

ನನ್ನ ಗುರುಗಳಾದ ಪ್ರೊಫೆಸರ್ ಧನಪಾಲ್ ಕನ್ನಡಕ ಒರೆಸಿಕೊಂಡು ಓದಿದರು. "ಎನ್ನಮ್ಮಾ ಇದು? ಈ ಊರಲ್ಲಿ ಪೆರುಮಾಳಿಗೆ ಬೀಡಿ ಚಟ ಇದೆ. ಶಿವನಿಗೆ ಮೊಣಕಾಲು ನೋವು. ಮುನಿಯಪ್ಪಸಾಮಿ ಪಾತ್ರೆ ತೊಳೆಯುವುದಿಲ್ಲ ಎಂದು ಹೆಂಡತಿಯ ದೂರು!"

ನಾನು ಓಡೋಡಿ ಬೆಟ್ಟ ಹತ್ತಿದೆ. ಮುತ್ತಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. "ಬಿಡು ತಾಯಿ, ತೆಪ್ಪೇನಿಲ್ಲ. ದ್ಯಾವ್ರೇ ನಡೆಸ್ತಾವ್ನೆ ಈ ಸಂಸಾರಾನ. ನಮ್ಮೋನು ನಡೆಸಿದ್ರೆ ಯಾವತ್ತೋ ಒಂಟೋಗಿರೋದು!"

ಅಂದಿನಿಂದ ಒಂದು ಉಪಾಯ ಮಾಡಿಕೊಂಡೆವು. ಊರಿಗೆ ಹೋದೊಡನೆ ನಾನು ಹೆಂಗಸರ ಬಳಿಗೆ, ಡ್ರೈವರು ಟೀ ಅಂಗಡಿಗೆ. ಗಂಡಸರ ಹೆಸರು ಗಂಡಸರಿಂದಲೇ ಕೇಳಿಕೊಂಡು ಬರುವುದು ಅವರ ಕೆಲಸ. ಒಂದೊಂದು ಹೆಸರಿಗೆ ಒಂದೊಂದು ಟೀ ಕುಡಿಯಬೇಕಿತ್ತು. ಸಂಜೆಗೆ, "ಮೇಡಂ, ಈ ಊರು ಸಣ್ಣದಾಗಿದ್ರೆ ಚೆನ್ನಾಗಿತ್ತು, ಒಟ್ಟೆಯೆಲ್ಲ ಟೀ" ಎನ್ನುತ್ತಿದ್ದರು. ಅವರ ಹೆಸರನ್ನು ನಾನು ಎಷ್ಟು ಸಲ ಕೂಗಿರಬಹುದು? ಮಳೆ ಬಂತೆಂದು ಕೂಗಿದೆ, ಹುಡುಗಿಯರಿಗೆ ವಾಂತಿಯಾಯಿತೆಂದು ಕೂಗಿದೆ, ಸುಮ್ಮನೆ ಭಯವಾಯಿತೆಂದು ಕೂಗಿದೆ. ಈ ಗುಡ್ಡದಲ್ಲಿ ನಿಂತು ಆ ಗುಡ್ಡಕ್ಕೆ ಕೇಳುವಂತೆ ಕೂಗಿದೆ. ಪಾಲಮಲೆಯ ಮಕ್ಕಳೆಲ್ಲ ನನ್ನ ದನಿಯನ್ನು ಅಣಕಿಸುವುದೇ ಆ ಹೆಸರು ಕೂಗಿ. ವಿಶ್ವವಿದ್ಯಾಲಯವನ್ನು ಹಳ್ಳಿಗೆ ಒಯ್ಯಬೇಕು ಎಂದು ದೊಡ್ಡವರು ಭಾಷಣ ಮಾಡುತ್ತಾರೆ. ಒಯ್ದವರು ಯಾರು? ನಾನಲ್ಲ. ನಾನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು, "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದೆ, ಅಷ್ಟೇ.

ಆ ಬೆಟ್ಟದ ದಾರಿ ನೋಡದವರಿಗೆ ಹೇಳುತ್ತೇನೆ. ಒಂದು ಗಾಡಿ ಹೋದರೆ ಇನ್ನೊಂದಕ್ಕೆ ಜಾಗವಿಲ್ಲ. ತಿರುವು ಬಂದಾಗ ಕೆಳಗಿನ ಗಾಡಿ ಹಾರ್ನ್ ಹೊಡೆದು ಕಾಯಬೇಕು. ಮೇಲಿನಿಂದ ಯಾರಾದರೂ ಇಳಿಯುತ್ತಿದ್ದರೆ ಅವರು ತಿರುಗಿ ಹಾರ್ನ್ ಹೊಡೆಯುತ್ತಾರೆ. ಉತ್ತರ ಕೇಳಿದರೆ ಒತ್ತಿಗೆ ನಿಂತು ಬರುವವರಿಗೆ ದಾರಿ ಬಿಡಬೇಕು. ಬೇರೆ ಡ್ರೈವರುಗಳು ಒಂದು ಗಳಿಗೆ ನಿಂತು ಹೋಗುತ್ತಾರೆ. ನಮ್ಮವರು ಮಾತ್ರ ಕಾಯುತ್ತಾರೆ, ಕಾಯುತ್ತಲೇ ಇರುತ್ತಾರೆ. "ಯಾರೂ ಬರ್ತಿಲ್ಲ, ಹೋಗೋಣ" ಎಂದು ನಾನೇ ಅಂದರೂ, "ಬರೋರು ನಿಧಾನಸ್ತರಾಗಿದ್ರೆ?" ಎನ್ನುತ್ತಿದ್ದರು.

'ನಮ್ಮವರು' ಎಂದರೆ ನಮ್ಮ ವಿಭಾಗದವರು ಎಂದರ್ಥ. ಯಾಕೆ ನಗುತ್ತೀರಿ?

ಹೋದ ತಿಂಗಳು ಕೊನೆಯ ಸಲ ಬೆಟ್ಟ ಹತ್ತುತ್ತಿದ್ದೆವು. ತಿರುವಿನಲ್ಲಿ ಹಾರ್ನ್ ಹೊಡೆದು ನಿಂತರು. ಇಂಜಿನ್ನನ್ನೂ ಆರಿಸಿದರು. ಗಾಡಿ ಕೆಟ್ಟಿತೆಂದುಕೊಂಡೆ. ಅವರು ಹಿಂದಕ್ಕೆ ತಿರುಗದೆ, ಕನ್ನಡಿಯಲ್ಲೂ ನೋಡದೆ ಅಂದರು:

"ಮೇಡಂ, ಇನ್ಮ್ಯಾಕೆ ನೀವೂ ಇರಾಕಿಲ್ಲ, ನನ್ ಕೈಯಾಗೆ ಈ ವಂಡಿನೂ ಇರಾಕಿಲ್ಲ. ರಜಾ ದಿನ ಒಬ್ನೇ ಅಂಗಡಿಗೋದ್ರೂ ನಾನು ಎರಡು ಟೀ ಯೋಳ್ಬುಡ್ತೀನಿ. ಒಂದು ನಿಮ್ದು, ಸಕ್ಕರೆ ಇಲ್ದೆ. ಇದಕ್ಕೇನು ಮಾಡಾದು?"

ನಾನು ಏನೆಂದೆ? ಕುಟುಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕಿ ಏನೆಂದಳು? "ಹ್ಯಾಂಡ್ ಬ್ರೇಕ್ ಹಾಕಿದ್ದೀರಾ?" ಎಂದೆ.

"ಆಕಿವ್ನಿ" ಎಂದರು. "ಯೋಚ್ನೆ ಮಾಡಿ. ನಾನು ಆರ್ನ್ ಒಡ್ದು ನಿಂತಿವ್ನಿ. ಉತ್ತರ ಬರೋಗಂಟ ವಂಡಿ ತೆಗೆಯಾಕಿಲ್ಲ."

ಅಯ್ಯೋ. ಚಂದ್ರಿಕಾ, ಹವಾಮಾನ! ಹವಾಮಾನ ಹೇಳಮ್ಮಾ! ನಾನು ಇದನ್ನು ಹೇಳಬೇಕೆಂದೇ ಇರಲಿಲ್ಲ. ಭಾಷಣ ಬರೆದುಕೊಂಡು ಬಂದಿದ್ದೆ. ಅದರಲ್ಲಿ ವಿಸ್ತರಣಾ ಚಟುವಟಿಕೆಗಳ ಸಾಧನೆ ಎಂದು ಮೂರು ಪುಟ ಇದೆ, ಇದೆಲ್ಲಿಂದ ಬಂತು? ಅಧ್ಯಕ್ಷರು ನಗುತ್ತಿದ್ದಾರೆ. ಹೇಳಿಬಿಟ್ಟಿದ್ದೀಯ.

ಹೇಳಿದ ಮೇಲೆ ಪೂರ್ತಿ ಹೇಳುತ್ತೇನೆ. ಅಂದಿನಿಂದ ನಾನು ಪಟ್ಟ ಯೋಚನೆ ಯಾವ ಶತ್ರುವಿಗೂ ಬೇಡ. ಜನ ಏನಂದಾರು? ಈ ವಯಸ್ಸಿನಲ್ಲಿ ಅರಿಶಿನ ಹಚ್ಚಿದರೆ ಮೈ ತುರಿಸೀತೇ? ಅವರು ಗೊರಕೆ ಹೊಡೆದರೆ? ನಾನು ಹೊಡೆದರೆ? ಗ್ಯಾಸು ಯಾರ ಹೆಸರಿನಲ್ಲಿ ಇರಬೇಕು? ಅವರ ಹೆಂಡತಿ ಹೋಗಿ ಬಹಳ ವರ್ಷವಾಯಿತು, ಆದರೆ ಮಗಳು ವನಿತಾ ಇದ್ದಾಳೆ, ಅವಳ ಮನಸ್ಸು ನೊಂದರೆ? ಅವಳೇ ಒಂದು ದಿನ ನಮ್ಮ ಮನೆಗೆ ಬಂದಳು. ನಾನು ಗಡಿಬಿಡಿಯಲ್ಲಿ ಎರಡು ಲೋಟ ನೀರು ತಂದಿಟ್ಟೆ. ಅವಳು ಕುಳಿತು, ನೀರು ಕುಡಿದು, "ಅತ್ತೆ, ಬೇಗ ಏನಾದ್ರೂ ಯೋಳ್ಬುಡಿ" ಎಂದಳು. "ಅಪ್ಪ ಯೋಳೋ ಎರಡನೇ ಟೀನ ರಜಾ ಬಂದಾಗೆಲ್ಲ ಆ ಅಂಗಡಿಯೋನೇ ಕುಡೀತಾವ್ನೆ. ಅವ್ನಿಗೆ ಆಗ್ಲೇ ಒಟ್ಟೆ ಬಂದೈತೆ!"

ಆದರೂ ಉತ್ತರ ಹೇಳಲಿಲ್ಲ. ನಿವೃತ್ತಿಯ ದಿನ ಹೇಳುತ್ತೇನೆ ಎಂದು ಆ ತಿರುವಿನಲ್ಲಿ ಅವರಿಗೆ ಅಂದದ್ದನ್ನೇ ಅವಳಿಗೂ ಅಂದೆ; ಆ ಮಾತಿನ ಮೇಲೆಯೇ ಅವರು ಅಂದು ವ್ಯಾನು ತೆಗೆದದ್ದು. ಎಲ್ಲ ಮನೆಯಲ್ಲೂ "ತೀರ್ಮಾನ ಯಾರದು?" ಎಂದು ಕೇಳಿದವಳು ನಾನು. ಇವತ್ತು ಬೆಳಿಗ್ಗೆ ಮುತ್ತಮ್ಮ ಬಾಗಿಲಲ್ಲೇ ನನ್ನ ಕೈ ಹಿಡಿದು ಕೇಳಿದರು, "ಊರೋರ ಸಂಸಾರಾನೆಲ್ಲ ಕೆದಕಿ ಕೆದಕಿ ಕೇಳ್ದಲ್ಲ, ನಿನ್ನ ಮನೇಲಿ ತೀರ್ಮಾನ ಯಾರದಮ್ಮಿ?"

ನಾನು, "ಇನ್ನೂ ಯೋಚಿಸ್ತಿದೀನಿ ಮುತ್ತಮ್ಮ" ಎಂದೆ.

"ಯೋಚ್ನೆ ಮಾಡೋಳೇ, ಅಂಗಾರೆ ಮೊಕ ಯಾಕೆ ಇಂಗೆ ಒಳೀತೈತೆ?" ಎಂದು ಒಳಗೆ ಹೋಗಿ ಕುಳಿತರು.

ಸಭಿಕರೇ, ಹೊತ್ತಾಯಿತು, ಅನ್ನ ಆರುತ್ತಿದೆ. ಒಪ್ಪಿಸಿದ ಕೆಲಸ ಮುಗಿಸುತ್ತೇನೆ. ಪ್ರೊಫೆಸರ್ ಧನಪಾಲ್ ಅವರಿಗೆ ವಂದನೆಗಳು, ಪೆರುಮಾಳಿನ ಬೀಡಿಯನ್ನು ಪ್ರಬಂಧದಿಂದ ತೆಗೆಸಿದ್ದಕ್ಕೆ. ಅಧ್ಯಕ್ಷರಾದ ಶಿವರಾಮನ್ ಅವರಿಗೆ, ತಂಗಮ್ಮನವರಿಗೆ, ಮುತ್ತಮ್ಮನವರಿಗೆ, ಚಂದ್ರಿಕಾಳಿಗೆ, ವನಿತಾಳಿಗೆ, ಅಡುಗೆಯ ಪಳನಿಯವರಿಗೆ ವಂದನೆಗಳು. ಪಳನಿಯವರೇ, ಪಾಯಸ ಸಾಕಾಗುತ್ತದಲ್ಲವೇ? ಕೊನೆಯದಾಗಿ, ನನ್ನನ್ನು ಎಲ್ಲ ತಿರುವುಗಳಲ್ಲೂ ಜೋಪಾನವಾಗಿ ದಾಟಿಸಿದ, ಈಗ ಶಾಲು ಹೊದಿಸಿಕೊಳ್ಳಬೇಕಾಗಿರುವ, ನಮ್ಮ ವ್ಯಾನಿನ ಡ್ರೈವರಾದ ಶ್ರೀ...

ಶ್ರೀ...

ತಂಗಮ್ಮನವರು ಚೀಟಿಯಲ್ಲಿ ಹೆಸರು ಬರೆದು ಮುಂದಿಟ್ಟಿದ್ದಾರೆ. ಮರೆತಿಲ್ಲ ತಂಗಮ್ಮ, ಮರೆಯುವ ಹೆಸರಲ್ಲ ಅದು. ಗುಡ್ಡದಿಂದ ಗುಡ್ಡಕ್ಕೆ ಕೂಗಿದವಳು ನಾನು. ಆದರೆ ನೋಡಿ, ಈಗ ನಾಲಿಗೆಗೆ ಬರುತ್ತಿಲ್ಲ. ಬರಲೊಲ್ಲದು. ಬಂದರೂ ನಾನು ಹೇಳುವುದಿಲ್ಲ. ಅವರು ನೂರು ವರ್ಷ ಬಾಳಬೇಕು. ನಮ್ಮ ಅವ್ವ ಮೇಷ್ಟರ ಮುಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು ಏಕೆಂದು ಇಷ್ಟು ಓದಿದ ಮೇಲೆ ಇವತ್ತು ತಿಳಿಯಿತು. ವನಿತಾ, ನೀನು ಮಗಳು, ನೀನು ಹೇಳಬಹುದು. ಎದ್ದು ನಿಂತು ನಿಮ್ಮಪ್ಪನ ಹೆಸರು ಕೂಗಮ್ಮಾ. ನನ್ನ ಕೈಲಿ ಇನ್ನು ಆಗುವುದಿಲ್ಲ.

ಮುತ್ತಮ್ಮ, ಶಿಳ್ಳೆ ಹೊಡೆಯಬೇಡಿ. ಅಧ್ಯಕ್ಷರಿದ್ದಾರೆ. ಚಂದ್ರಿಕಾ, ಇದನ್ನು ಮಾತ್ರ ಬಿಡದೆ ಹೇಳು. ಸ್ಪಷ್ಟವಾಗಿ ಹೇಳು.

ಕೇಳಿಸಿತೇ? ಅದು ನಮ್ಮ ವ್ಯಾನಿನ ಹಾರ್ನು. ಆ ಹಾರ್ನನ್ನು ನಾನು ಲೋಕದ ಯಾವ ಮೂಲೆಯಲ್ಲಿದ್ದರೂ ಗುರುತು ಹಿಡಿದೇನು. ಅವರಿಗೆ ಕೇಳಿದೆ. ಅಯ್ಯೋ, ಒಂದೇ ಸಮನೆ ಬಾರಿಸುತ್ತಿದ್ದಾರಲ್ಲ! ಯಾರಾದರೂ ಓಡಿಹೋಗಿ ನಿಲ್ಲಿಸಲು ಹೇಳಿ. ಬ್ಯಾಟರಿ ಹಳೆಯದು, ಇಳಿದುಹೋದರೆ ಮನೆಗೆ ಹೋಗುವುದು ಹೇಗೆ?

ಬಂದವರಿಗೆ, ಕೇಳಿದವರಿಗೆ, ಬಸ್ ತಪ್ಪಿಸಿಕೊಂಡು ರಸ್ತೆಯಲ್ಲೇ ನಿಂತು ಕೇಳಿದವರಿಗೂ ನನ್ನ ಕೃತಜ್ಞತೆಗಳು. ಯಾರೂ ಉಣ್ಣದೆ ಹೋಗಬೇಡಿ. ಊಟವಾದ ಮೇಲೆ ಯಾರಾದರೂ ಎದುರಿನ ಅಂಗಡಿಗೆ ಹೋಗಿ ಎರಡು ಟೀ ಹೇಳಿಬಿಡಿ. ಎರಡನೆಯದನ್ನು ಇವತ್ತು ಅಂಗಡಿಯವನು ಕುಡಿಯುವುದು ಬೇಡ, ನಾನೇ ಬರುತ್ತಿದ್ದೇನೆ.

ಎಲ್ಲರಿಗೂ ನಮಸ್ಕಾರ.