ನಾಲ್ವರಿಗೂ ಒಂದೇ ಕಾಗದ

ಒಂದು ಪೇಟೆಯಲ್ಲಿ ಮಿಠಾಯಿ ಮಾಡುವವನೊಬ್ಬ ಇದ್ದ. ಅವನ ಕರದಂಟು ತಿಂದವರು ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅಂಥವನಿಗೆ ಸಮುದ್ರದಾಚೆಯ ದೇಶದಿಂದ ಕರೆ ಬಂತು. ದೊಡ್ಡ ಅಂಗಡಿ, ಒಳ್ಳೆಯ ಸಂಬಳ, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಾ ಅಂತ. ಆದರೆ ಆರೋಗ್ಯ ವಿಮೆ ಇಲ್ಲದವರನ್ನು ಆ ದೇಶ ಒಳಗೆ ಬಿಡುವುದಿಲ್ಲ.

ಗಂಡ ಹೆಂಡತಿ ವಿಮೆ ಕಚೇರಿಗೆ ಹೋದರು. ಅಲ್ಲಿಯ ಹೆಣ್ಣುಮಗಳು ಅರ್ಜಿ ತುಂಬುತ್ತ ಕೇಳಿದಳು, "ಬಿ.ಪಿ. ಐತೇನ್ರೀ?"

"ಇಲ್ರೀ."

"ಶುಗರ್?"

"ಸಕ್ಕರಿ ನಾ ಕಡಾಯಾಗ ಹಾಕ್ತೀನ್ರೀ, ಮೈಯಾಗ ಅಲ್ಲ."

ಮೂವರೂ ನಕ್ಕರು. ಆದರೆ ನೋಡಿ, ಮೂರು ವರ್ಷದಿಂದ ಅವನಿಗೆ ಸಕ್ಕರೆ ಕಾಯಿಲೆ. ಮಾತ್ರೆ ಬಚ್ಚಿಟ್ಟಿದ್ದು ತನ್ನ ಅಂಗಡಿಯ ಏಲಕ್ಕಿ ಡಬ್ಬಿಯಲ್ಲಿ. ಹೆಂಡತಿಗೂ ಹೇಳಿಲ್ಲ. ಯಾಕೆ? ಸಿಹಿ ಮಾಡುವವನಿಗೇ ಸಕ್ಕರೆ ಅಂದರೆ ಪೇಟೆ ನಗುತ್ತದೆ ಅಂತ. ಈಗ ಇನ್ನೊಂದು ಭಯ ಸೇರಿತ್ತು. ಬರೆದರೆ ವಿಮೆ ಸಿಗಲಿಕ್ಕಿಲ್ಲ, ಹೋಗುವುದೇ ತಪ್ಪೀತು.

ಸಹಿ ಹಾಕಲು ಪೆನ್ನು ಹಿಡಿದ. ಕಚೇರಿಯ ಹೆಣ್ಣುಮಗಳು ಎಲ್ಲರಿಗೂ ಹೇಳುವ ಹಾಗೆ ಹೇಳಿದಳು, "ಅಣ್ಣಾರ, ನಾಕೂ ಮಂದಿಗೆ ಇದು ಒಂದ ಕಾಗದ. ಒಬ್ಬರದು ಸುಳ್ಳಂತ ಗೊತ್ತಾದ್ರ ನಾಕೂ ಮಂದೀದು ರದ್ದಾಕೈತಿ."

"ಹುಡುಗ್ರದೂ?"

"ಹುಡುಗ್ರದೂ."

ಪೆನ್ನು ನಿಂತಿತು. ಗುಟ್ಟು ತನ್ನೊಬ್ಬನದು ಅಂದುಕೊಂಡಿದ್ದ. ತನ್ನ ಮೈ, ತನ್ನ ಮಾತ್ರೆ, ತನ್ನ ಡಬ್ಬಿ. ಪರದೇಶದಲ್ಲಿ ಚಿಕ್ಕ ಮಗಳಿಗೆ ಜ್ವರ ಏರಿದಾಗ ಆಸ್ಪತ್ರೆಯವರು ಕಾಗದ ನೋಡಿ, 'ಇದು ನಡೆಯುವುದಿಲ್ಲ' ಅಂದರೆ?

"ಶುಗರ್ ಐತ್ರೀ, ಬರಕೊಳ್ರಿ," ಅಂದ. ಹೆಂಡತಿಯ ಕಡೆ ನೋಡಲಿಲ್ಲ.

ಅವಳೇ ಕೇಳಿದಳು, "ಎಷ್ಟ ದಿನ ಆತು?"

"ಮೂರು ವರ್ಷ."

"ಅದಕ್ಕೇನು ಚಾ ಅರ್ಧಕ್ಕ ಬಿಟ್ಟೇಳೋದು? ನನ್ನ ಕೈರುಚೀನ ಕೆಟ್ಟೈತಿ ಅಂತ ತಿಳ್ಕೊಂಡಿದ್ನಲ್ರೀ ನಾ."

ಎಂಟು ದಿನ ಕಾದರು. ಒಂಬತ್ತನೆಯ ದಿನ ಉತ್ತರ ಬಂತು. ಕಂತು ತುಸು ಹೆಚ್ಚು, ಮೊದಲ ವರ್ಷ ಅವನ ಸಕ್ಕರೆಯ ಔಷಧಿ ಸ್ವಂತ ಖರ್ಚಿನಲ್ಲಿ, ಉಳಿದಂತೆ ನಾಲ್ವರಿಗೂ ವಿಮೆ ಉಂಟು. ಆ ಮಧ್ಯಾಹ್ನ ಅವನು ಮಕ್ಕಳೆದುರೇ ಮಾತ್ರೆ ನುಂಗಿ ನೀರು ಕುಡಿದ.

ಈಗ ಪ್ರವಚನ ಕೇಳುತ್ತ ಕೂತ ನಿಮ್ಮ ಕಡೆ ಬರುತ್ತೇನೆ. ಪರದೇಶಕ್ಕೆ ಹೋಗುವವರು ನಿಮ್ಮಲ್ಲಿ ಎಷ್ಟು ಮಂದಿಯೋ ನಾನು ಕಾಣೆ. ಮನೆಯಂತೂ ಎಲ್ಲರಿಗೂ ಇದೆಯಲ್ಲ? ತಾಯಂದಿರೇ, ಎದೆನೋವನ್ನು 'ಗ್ಯಾಸು, ಗ್ಯಾಸು' ಅಂತ ಎಷ್ಟು ದಿನ ನುಂಗುತ್ತೀರಿ? ಯಜಮಾನರೇ, ಡಾಕ್ಟರ ಚೀಟಿಯನ್ನು ಸ್ಕೂಟರಿನ ಡಿಕ್ಕಿಯಲ್ಲಿ ಎಷ್ಟು ದಿನ ತಿರುಗಿಸುತ್ತೀರಿ? ಹೇಳಿದರೆ ಮನೆಯವರು ಹೆದರುತ್ತಾರೆ ಅನ್ನುತ್ತೀರಿ. ಹೆದರಲಿ. ಹೆದರಿದವರು ನಿಮ್ಮ ಜೊತೆ ಆಸ್ಪತ್ರೆಗೆ ಬರುತ್ತಾರೆ. ಗೊತ್ತೇ ಇಲ್ಲದವರು ಹೇಗೆ ಬಂದಾರು? ಇವತ್ತು ಪ್ರಸಾದ ಮುಗಿಸಿ ಮನೆಗೆ ಹೋದವರು ಮೊದಲು ಆ ಚೀಟಿ ತಂದು ಎಲ್ಲರ ನಡುವೆ ಇಡಿ. ಕೈಕಾಲು ಆಮೇಲೆ ತೊಳೆಯಬಹುದು.