ಅರೆಬೆಂದ ಆಟವನ್ನೇ ಮುಂದಿಟ್ಟ ನಮ್ಮ ಅಕ್ಕ

ಸಭೆಯಲ್ಲಿರುವ ಹಿರಿಯರಿಗೆ, ಗೆಳೆಯರಿಗೆ, ನಮ್ಮ ಆಟಗಳನ್ನು ಆಡಿ, ಬೈದು, ಬೆಳೆಸಿದ ಎಲ್ಲರಿಗೂ — ನಮಸ್ಕಾರ. ಮುಂದಿನ ಸಾಲಿನಲ್ಲಿ ಅಕ್ಕನ ಯಜಮಾನರು ಇದ್ದಾರೆ, ಮಗಳು ಇದ್ದಾಳೆ, ಅತ್ತೆಯವರು ಇದ್ದಾರೆ. ನಿಮ್ಮ ದುಃಖದಲ್ಲಿ ನಮ್ಮದೂ ಒಂದು ಪಾಲಿದೆ. ಆದರೆ ಮೊದಲೇ ಹೇಳಿಬಿಡುತ್ತೇನೆ — ನಗು ಬಂದರೆ ಯಾರೂ ತಡೆದುಕೊಳ್ಳಬೇಡಿ. ಅಕ್ಕನ ವಿಷಯವನ್ನು ನಗದೆ ಹೇಳಲು ನನಗೆ ಬರುವುದಿಲ್ಲ.

ಇದೇ ನಮ್ಮ ಕಚೇರಿಯಲ್ಲಿ ಕಂಪ್ಯೂಟರಿನಲ್ಲಿ ಆಡುವ ಫುಟ್‌ಬಾಲ್ ಆಟ ತಯಾರಿಸುತ್ತೇವೆ. ಚೆಂಡು ಹೇಗೆ ಉರುಳಬೇಕು ಅನ್ನುವುದು ನನ್ನ ಕೆಲಸ. ಇಡೀ ಆಟ ಹೇಗಿರಬೇಕು ಅನ್ನುವುದು ಅಕ್ಕನ ಕೆಲಸ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು — ಆದರೂ ಅಕ್ಕ! ಮಾಲೀಕರಿಗೂ ಅಕ್ಕ, ಕಾವಲಿನವರಿಗೂ ಅಕ್ಕ.

ಆಟ ಪೂರ್ತಿ ಆದಮೇಲೆ ಜನರಿಗೆ ತೋರಿಸುವುದು ರೂಢಿ. ಆಗ ತಪ್ಪು ಗೊತ್ತಾದರೂ ತಿದ್ದಲು ಸಮಯವಿರುವುದಿಲ್ಲ. ಅಕ್ಕ ಅಂದರು — "ಮೊದಲೇ ಕರೆಯೋಣ. ಆಡೋರು ಅವರು ತಾನೇ?" ಹಾಗೆ ಶನಿವಾರ ಬೆಳಿಗ್ಗೆ ಕೆಳಗಿನ ದೊಡ್ಡ ಕೋಣೆಯ ಬಾಗಿಲು ತೆರೆಯುವುದು ಶುರುವಾಯಿತು. ಬೀದಿಯವರು, ಮೈದಾನದಲ್ಲಿ ನಿಜವಾಗಿ ಆಡುವವರು, ಸುಮ್ಮನೆ ಇಣುಕಿದವರು — ಯಾರು ಬೇಕಾದರೂ ಬರಬಹುದು.

ಮೊದಲ ಶನಿವಾರ ನಾವೇನು ಮಾಡಿದೆವು ಗೊತ್ತೇ? ಮನೆಗೆ ನೆಂಟರು ಬರುತ್ತಾರೆ ಅಂದರೆ ಏನು ಮಾಡುತ್ತೇವೋ ಅದನ್ನೇ! ಅಕ್ಕನಿಗೆ ಹೇಳದೆ ಆಟಕ್ಕೆ ಬಣ್ಣ ಬಳಿದೆವು. ಆಟಗಾರರಿಗೆ ಮುಖ, ಮುಖಕ್ಕೆ ಮೀಸೆ, ಹುಲ್ಲಿಗೆ ಹೊಳಪು, ಗ್ಯಾಲರಿ ತುಂಬ ಜನ. ಬಂದವರೆಲ್ಲ ಆಡಿದರು, "ತುಂಬಾ ಚೆನ್ನಾಗಿದೆ" ಅಂದರು, ಕೈಕುಲುಕಿ ಹೋದರು. ನಾವು ಉಬ್ಬಿಹೋದೆವು. ಅಕ್ಕ — ಸೊಂಟದ ಮೇಲೆ ಹೀಗೆ ಕೈಯಿಟ್ಟುಕೊಂಡು — "ಒಬ್ಬರಾದ್ರೂ ಎರಡನೇ ಸಲ ಆಡಿದ್ರಾ?" ಅಂದರು. ಯಾರೂ ಆಡಿರಲಿಲ್ಲ. "ಇಷ್ಟು ಚೆಂದ ಮಾಡಿಟ್ರೆ ಯಾರಪ್ಪಾ ಬಾಯಿಬಿಡ್ತಾರೆ? ಪಾಪ, ಕಷ್ಟಪಟ್ಟಿದ್ದಾರೆ ಅಂತ ಹೊಗಳಿ ಹೋಗ್ತಾರೆ."

ಮುಂದಿನ ಶನಿವಾರಕ್ಕೆ ಬಣ್ಣವನ್ನೆಲ್ಲ ಕಿತ್ತುಹಾಕಿಸಿದರು. ಆಟಗಾರರು ಬರೀ ಬೂದು ಡಬ್ಬಗಳು! ಡಬ್ಬ ಓಡುತ್ತದೆ, ಡಬ್ಬ ಒದೆಯುತ್ತದೆ, ಡಬ್ಬ ಬೀಳುತ್ತದೆ. ನಮಗೋ ನಾಚಿಕೆ. ಅಂದು ಅಕ್ಕ ತಮ್ಮ ಅತ್ತೆಯವರನ್ನೂ ಕರೆತಂದಿದ್ದರು. ಅಮ್ಮಾ, ಹೇಳಲೇ? — ತಲೆಯಾಡಿಸುತ್ತಿದ್ದಾರೆ, ಹೇಳುತ್ತೇನೆ. ಅವರು ಆಡಿ ನೋಡಿ ಸೊಸೆಗೆ ಅಂದರು — "ಅಲ್ಲ ಕಣೇ, ಗೋಲು ಹೊಡೆದವನು ಸುಮ್ಮನೆ ತಿರುಗಿ ನಡ್ಕೊಂಡು ಹೋಗ್ತಾನಲ್ಲ, ಇವನೇನು ಹಾಲು ತರೋಕೆ ಹೊರಟಿದ್ದಾನಾ? ಸ್ವಲ್ಪ ಕುಣಿಯೋಕೆ ಬಿಡೇ!"

ಅಷ್ಟೇ. ಕೋಣೆಯವರಿಗೆಲ್ಲ ಬಾಯಿ ಬಂತು. ಗೋಲ್‌ಕೀಪರ್ ನಿದ್ದೆ ಹೊಡೆಯುತ್ತಾನೆ ಅಂದರು ಒಬ್ಬರು. ನನ್ನ ಚೆಂಡಿನ ಬಗ್ಗೆಯಂತೂ ಜಗಳವೇ ಆಯಿತು — ಹತ್ತಿಯುಂಡೆಯ ಹಾಗಿದೆಯಂತೆ! ನನ್ನ ಮುಖ ಸಣ್ಣದಾಯಿತು, ಅಕ್ಕನಿಗೆ ಮಾತ್ರ ಮೂವತ್ತೆರಡು ಹಲ್ಲೂ ಕಾಣುವ ನಗು. ಆಮೇಲೆ ಅತ್ತೆಯವರನ್ನೇ ಕೋಣೆಯ ನಡುವೆ ನಿಲ್ಲಿಸಿ, ಬೇಡ ಬೇಡ ಅಂದರೂ ಬಿಡದೆ ಕುಣಿಸಿದರು. ನಮ್ಮ ಆಟದಲ್ಲಿ ಗೋಲು ಹೊಡೆದವರು ಹಾಕುವ ಆ ಹೆಜ್ಜೆ ಇದೆಯಲ್ಲ — ಅದು ಈ ಅಮ್ಮನದು! ಚಪ್ಪಾಳೆ ತಟ್ಟಿ, ಪರವಾಗಿಲ್ಲ.

ಈಗ — ಅಕ್ಕನ ಕೊನೆಯ ಆಟ ಅರ್ಧಕ್ಕೆ ನಿಂತಿದೆ. ಅವರಿಲ್ಲದ ಕಚೇರಿಗೆ ಬರಲು ನನಗೆ ಮನಸ್ಸೇ ಆಗುತ್ತಿಲ್ಲ. ಮಾಲೀಕರು ಪ್ರೀತಿಯಿಂದಲೇ ಅಂದರು — "ಬಾಗಿಲು ಹಾಕ್ಕೊಂಡು ಚೆಂದ ಮಾಡಿ ಮುಗಿಸೋಣ, ಅಕ್ಕನ ಹೆಸರಲ್ಲಿ ಬಿಡುಗಡೆ ಮಾಡೋಣ. ಅರೆಬರೆ ತೋರಿಸೋದು ಬೇಡ." ನನಗೆ ಭಯವಾಯಿತು. ತೀರಿಕೊಂಡವರ ಆಟದಲ್ಲಿ ಯಾರು ತಪ್ಪು ಹುಡುಕುತ್ತಾರೆ ಹೇಳಿ? ಎಲ್ಲರೂ ಕಣ್ಣೊರೆಸಿಕೊಂಡು "ಚೆನ್ನಾಗಿದೆ" ಅಂದುಬಿಟ್ಟರೆ ಅಕ್ಕನ ಆಟ ಕೆಟ್ಟುಹೋಗುತ್ತದೆ. ಮಾಲೀಕರಿಗೆ ಹಾಗೆಂದೆ, ಈ ಆಟಕ್ಕೂ ಬಾಗಿಲು ತೆರೆಯೋಣ ಅಂದೆ. "ಮನೆಯವರು ಒಪ್ಪಿದ್ರೆ ಸರಿ" ಅಂದರು.

ಇಂದು ಬೆಳಿಗ್ಗೆ ಮನೆಯವರನ್ನು ಆ ಕೋಣೆಗೆ ಕರೆದೊಯ್ದೆ. ಅಮ್ಮನೇ ಕೂತು ಆ ಅರ್ಧ ಆಟವನ್ನು ಆಡಿದರು. ಆಡುತ್ತಾ ಆಡುತ್ತಾ ಅತ್ತರು. ಮುಗಿದ ಮೇಲೆ — ಹೀಗೆ ನನ್ನತ್ತ ತಿರುಗಿ — "ಸೋತವರನ್ನ ಕೂಡ್ಲೇ ಆಚೆ ಹಾಕಿಬಿಡ್ತದಲ್ಲಪ್ಪ ಇದು. ಇನ್ನೊಂದು ಸಲ ಆಡ್ತೀರಾ ಅಂತ ಕೇಳೋದೇ ಇಲ್ಲ. ಅವಳಿದ್ದಿದ್ರೆ ಅವಳಿಗೇ ಬೈತಿದ್ದೆ. ಈಗ ನಿಮಗೆ ಬೈತಿದ್ದೀನಿ. ಸರಿ ಮಾಡಿ" ಅಂದರು. ಜೊತೆಗಿದ್ದ ಮಾಲೀಕರು ಕೋಣೆಯ ಕೀಲಿಕೈ ತಂದು ನನ್ನ ಕೈಗಿಟ್ಟರು.

ಬಾಗಿಲು ತೆರೆದಿದೆ. ಸಭೆ ಮುಗಿದ ಮೇಲೆ ಕೆಳಗೆ ಹೋಗಿ ಆಡಿ. ದಯವಿಟ್ಟು ಹೊಗಳಬೇಡಿ. ಅಕ್ಕನ ಮೇಲೆ ಪ್ರೀತಿಯಿದ್ದರೆ — ಬೈದು ಹೋಗಿ.

ಅದಕ್ಕೆ ಮೊದಲು, ಅಕ್ಕನಿಗಾಗಿ ಎಲ್ಲರೂ ಎದ್ದು ನಿಂತು ಮೌನವಾಗಿರೋಣ. ಅಮ್ಮಾ, ನಿಮಗೆ ಮಂಡಿನೋವು, ನೀವು ಕೂತೇ — ಇಲ್ಲ, ನೋಡಿ, ಎಲ್ಲರಿಗಿಂತ ಮೊದಲು ಅವರೇ ಎದ್ದಿದ್ದಾರೆ. ನಾವೂ ಏಳೋಣ.